ಊಟದ ಮಾತು, ಮೈಮೇಲಿನ ಮಾತು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಊಟವನ್ನೂ ಮಾತನ್ನೂ ಬೇರೆ ಬೇರೆ ಇಟ್ಟು ಹಿರಿಯರು ಈ ಗಾದೆಯನ್ನು ಕಟ್ಟಿದರು. ಆದರೆ ಊಟದ ಬಗ್ಗೆ, ಮೈಯ ಬಗ್ಗೆ ನಾವು ಆಡುವ ಮಾತೇ ಕೆಲವರ ಪಾಲಿಗೆ ಮುಳ್ಳಾಗುತ್ತದೆ ಎಂಬುದು ನಮಗೆ ಅರವತ್ತು ದಾಟಿದ ಮೇಲೆ ತಿಳಿಯಿತು. ತಿಳಿದದ್ದನ್ನು ಧರ್ಮಬಂಧುಗಳ ಮುಂದಿಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ, ಪಂಡಿತರೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಅಕ್ಕಲಕೋಟೆಯಲ್ಲಿ ತಂದೆಯವರ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತವರು. ಇವತ್ತಿಗೂ ಅಲ್ಲಿಯೇ ಕುಳಿತಿದ್ದೇವೆ. ಆದ್ದರಿಂದ ನಮ್ಮ ಅಂಗಡಿಯ ಭಾಷೆಯಲ್ಲಿಯೇ ಹೇಳುತ್ತೇವೆ.

ವ್ಯಾಪಾರಸ್ಥನ ಕಿವಿ ಒಂದು ವಿಚಿತ್ರ ಕಿವಿ. ಸೋಮವಾರದ ಸಂತೆಯಂಥ ಗದ್ದಲದಲ್ಲಿ ನೂರು ಜನ ನೂರು ಮಾತಾಡುತ್ತಿದ್ದರೂ ನಮಗೆ ಒಂದೂ ಕೇಳಿಸುವುದಿಲ್ಲ. ಆದರೆ ಅವರಲ್ಲಿ ಯಾರಾದರೂ ನಮ್ಮ ಉದ್ರಿ ಬಾಕಿ ಇಟ್ಟವನ ಹೆಸರು ಎತ್ತಿದರೆ ಸಾಕು, ಕೈಯಲ್ಲಿನ ಲೆಕ್ಕ ಅಲ್ಲಿಯೇ ನಿಂತು ಕಿವಿ ಆ ಕಡೆ ಓಡುತ್ತದೆ. ನಾವು ಓಡಿಸುವುದಲ್ಲ, ಅದೇ ಓಡುತ್ತದೆ. ಮನಸ್ಸಿನಲ್ಲಿ ಯಾವ ಚಿಂತೆ ಕೂತಿದೆಯೋ ಆ ಚಿಂತೆಯ ಮಾತು ಗದ್ದಲದಿಂದ ಎದ್ದು ಬರುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದ ಹಾಗೆ, ಚಿಂತೆ ಹಿಡಿದ ಕಿವಿಗೆ ಕೇಳಿದ್ದೆಲ್ಲ ಅದೇ ಚಿಂತೆ.

ನಮ್ಮ ಬೀಗರ ಪೈಕಿ ಒಂದು ಮನೆಯಲ್ಲಿ ಹದಿನಾರು ವರ್ಷದ ಹುಡುಗಿ. ಓದಿನಲ್ಲಿ ಚುರುಕು, ನಡೆನುಡಿಯಲ್ಲಿ ಒಳ್ಳೆಯವಳು. ಒಂದು ವರ್ಷ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಏಕಭುಕ್ತಿ ಮಾಡಿದಳು. ಬಸದಿಯಲ್ಲಿ ಎಲ್ಲರೂ ಮೆಚ್ಚಿಕೊಂಡರು. ಅನಂತ ಚತುರ್ದಶಿ ಮುಗಿಯಿತು, ಕ್ಷಮಾವಾಣಿಯೂ ಆಯಿತು. ಆದರೆ ಹುಡುಗಿಯ ಊಟ ಮಾತ್ರ ಮೊದಲಿನಂತಾಗಲಿಲ್ಲ. ಮೊದಲು ತುಪ್ಪ ಬಿಟ್ಟಳು, ಆಮೇಲೆ ಹಾಲು, ಆಮೇಲೆ ರೊಟ್ಟಿ ಒಂದರಿಂದ ಅರ್ಧಕ್ಕೆ ಬಂತು. ಕೇಳಿದರೆ “ನೇಮ ಅದ” ಎನ್ನುವಳು. ವಿಚಿತ್ರವೆಂದರೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಶೇಂಗಾ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸುವಳು, ಹೊಸ ಹೊಸ ಪಾಕಗಳನ್ನು ವಹಿಯಲ್ಲಿ ಬರೆದಿಡುವಳು, ತಾನು ಮಾತ್ರ ಬಾಯಿಗೆ ಇಡಳು. ಬೇಸಿಗೆಯಲ್ಲಿಯೂ ಚಳಿ ಎಂದು ಚಾದರ ಹೊದೆಯುವಳು. ತಲೆಗೂದಲು ಉದುರತೊಡಗಿತು, ತಿಂಗಳ ಮುಟ್ಟು ನಿಂತಿತು. ಮನೆಯವರು ದೃಷ್ಟಿ ತೆಗೆದರು, ಕಷಾಯ ಕುಡಿಸಿದರು. ಏನೂ ಗುಣ ಕಾಣಲಿಲ್ಲ.

ದೀಪಾವಳಿಯ ಮುಂದೆ ತಾಯಿ ಮಗಳು ನಮ್ಮ ಅಂಗಡಿಗೆ ಬಂದರು. ಆ ಕಡೆ ನಮ್ಮ ಹುಡುಗ ಬೇರೊಬ್ಬ ಗಿರಾಕಿಗೆ ಇಳಕಲ್ ಸೀರೆ ಬಿಚ್ಚಿ ತೋರಿಸುತ್ತ, “ದಡಿ ದಪ್ಪ ಅದ ನೋಡ್ರಿ ಅವ್ವಾರ, ತೂಕಾನೂ ಛಲೋ ಅದ” ಎಂದ. ಈ ಹುಡುಗಿ ಬೆನ್ನ ಮೇಲೆ ಏಟು ಬಿದ್ದವಳ ಹಾಗೆ ತಿರುಗಿ ನೋಡಿದಳು. ಸ್ವಲ್ಪ ಹೊತ್ತಿಗೆ ಅವನು “ಇದು ಹಗುರ, ಇದು ತೆಳು” ಎಂದ, ಮತ್ತೆ ತಿರುಗಿದಳು. ಅವಳ ತಾಯಿಗೆ ಇದಾವುದೂ ಕೇಳಿಸಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ದಪ್ಪ, ತೆಳು, ಭಾರ, ಹಗುರ, ಅಗಲ, ಸೈಜು ಇವು ದಿನಕ್ಕೆ ಸಾವಿರ ಸಲ ಬೀಳುವ ಮಾತುಗಳು. ನಮಗೆ ಅವು ಬಟ್ಟೆಯ ಮಾತು. ಆ ಮಗುವಿಗೆ ಪ್ರತಿಯೊಂದೂ ತನ್ನ ಮೈಯ ಮಾತಾಗಿ ಕೇಳಿಸುತ್ತಿತ್ತು. ಹತ್ತು ನಿಮಿಷದಲ್ಲಿ ಏನೂ ಕೊಳ್ಳದೆ “ಮನೀಗೆ ಹೋಗೋಣ ನಡಿಯವ್ವಾ” ಎಂದು ತಾಯಿಯ ಸೆರಗು ಎಳೆದಳು.

ನಮ್ಮ ತಮ್ಮನ ಮಗಳು ಪುಣೆಯಲ್ಲಿ ಮನಃಶಾಸ್ತ್ರ ಓದಿದವಳು. ಹಬ್ಬಕ್ಕೆ ಬಂದಾಗ ಕಂಡದ್ದನ್ನು ಅವಳಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಪ್ಪಾ, ನೀವು ಕಂಡದ್ದನ್ನ ದೊಡ್ಡ ದೊಡ್ಡ ಊರಾಗ ಗಡಿಯಾರ ಹಿಡಿದು ಅಳದಾರ” ಎಂದಳು. ಬಳಿಕ ಬಣ್ಣದ ಪೆನ್ನು ತರಿಸಿ ನಮ್ಮ ಮೇಲೆಯೇ ಒಂದು ಪರೀಕ್ಷೆ ಮಾಡಿದಳು. ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದಳು, ಕೆಂಪು ಶಾಯಿಯಲ್ಲಿ ‘ನೀಲಿ’ ಎಂದು ಬರೆದಳು. “ಅಕ್ಷರ ಓದಬ್ಯಾಡ್ರಿ, ಶಾಯಿ ಬಣ್ಣ ಅಷ್ಟೇ ಹೇಳ್ರಿ” ಎಂದಳು. ನಲವತ್ತು ವರ್ಷ ಬಟ್ಟೆಯ ಬಣ್ಣ ನೋಡಿದ ಕಣ್ಣು ನಮ್ಮದು. ಆದರೂ ನಾಲಗೆ ತಡವರಿಸಿತು. ವಾಚಕರು ಮನೆಯಲ್ಲಿ ಮಾಡಿ ನೋಡಬಹುದು.

ಈ ಪರೀಕ್ಷೆಯನ್ನು ಅಮೇರಿಕೆಯ ಜಾನ್ ರಿಡ್ಲಿ ಸ್ಟ್ರೂಪ್ ಎಂಬವರು 1935ರಲ್ಲಿ ಪ್ರಕಟಿಸಿದರು. ಬರಿಯ 100 ಬಣ್ಣದ ಚೌಕಗಳ ಬಣ್ಣ ಹೇಳಲು ವಿದ್ಯಾರ್ಥಿಗಳಿಗೆ ಸರಾಸರಿ 63.3 ಸೆಕೆಂಡು ಬೇಕಾಯಿತು. ಅದೇ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚಾದ 100 ಬಣ್ಣದ ಹೆಸರುಗಳ ಶಾಯಿ ಹೇಳಲು 110.3 ಸೆಕೆಂಡು. ಓದಬಾರದೆಂದರೂ ಮನಸ್ಸು ಓದಿಬಿಡುತ್ತದೆ. ಓದಿದ್ದು ಕೆಲಸಕ್ಕೆ ಅಡ್ಡ ಬರುತ್ತದೆ.

ಮುಂದೆ ಮನಃಶಾಸ್ತ್ರಜ್ಞರು ಇದರಲ್ಲಿ ಒಂದು ಬದಲಾವಣೆ ಮಾಡಿದರು. ಬಣ್ಣದ ಹೆಸರಿನ ಜಾಗದಲ್ಲಿ ತಿನಿಸಿನ ಹೆಸರು, ಮೈಯ ಮಾತು ಬರೆದು ಶಾಯಿಯ ಬಣ್ಣ ಕೇಳಿದರು. ನಮಗೆ ‘ಕಪಾಟು’ ಎಂದು ಬರೆದರೂ ಒಂದೇ, ‘ಹೋಳಿಗೆ’ ಎಂದು ಬರೆದರೂ ಹೆಚ್ಚು ಕಡಿಮೆ ಒಂದೇ. ಆದರೆ ಊಟದ ಕಾಯಿಲೆ ಇದ್ದವರು ಅಂಥ ಮಾತಿನ ಮುಂದೆ ಕ್ಷಣದ ಒಂದು ತುಣುಕಿನಷ್ಟು ತಡೆದು ನಿಲ್ಲುತ್ತಾರೆ. ಲಂಡನ್ನಿನ ಚಾನನ್, ಹೆಮ್ಸ್ಲಿ, ಡಿ ಸಿಲ್ವ ಎಂಬ ಮೂವರು 1988ರಲ್ಲಿ ಅನೊರೆಕ್ಸಿಯಾ ಇದ್ದವರು ತಿನಿಸಿನ ಹೆಸರುಗಳ ಮುಂದೆ ನಿಧಾನವಾಗುವುದನ್ನು ತೋರಿಸಿದರು. ಆಮೇಲೆ ಹಲವರು ಹಲವು ಕಡೆ ಇದನ್ನೇ ಮಾಡಿದರು. 2004ರಲ್ಲಿ ಕೆನಡಾದ ಡಾಬ್ಸನ್ ಮತ್ತು ಡೊಜೊಯ್ ಅವೆಲ್ಲವನ್ನೂ ಒಟ್ಟುಗೂಡಿಸಿ ತಾಳೆ ನೋಡಿದರು. ಬುಲಿಮಿಯಾ ಇದ್ದವರನ್ನು ಹಲವು ಬಗೆಯ ಮಾತುಗಳು ತಡೆಯುತ್ತವೆ, ಅನೊರೆಕ್ಸಿಯಾ ಇದ್ದವರನ್ನು ಮುಖ್ಯವಾಗಿ ಮೈ ಮತ್ತು ತೂಕದ ಮಾತುಗಳು ತಡೆಯುತ್ತವೆ ಎಂದು ಅವರಿಗೆ ಕಂಡಿತು. ಮೊದಲಿನವರು ಕಂಡದ್ದಕ್ಕೂ ಇದಕ್ಕೂ ಪೂರ್ತಿ ಮೇಳ ಇಲ್ಲ ಎಂಬುದನ್ನೂ ಹೇಳಬೇಕು. ಈ ಪರೀಕ್ಷೆಯಿಂದ ಯಾರಿಗೆ ರೋಗವಿದೆ ಎಂದು ನಿರ್ಣಯ ಮಾಡಲು ಬರುವುದಿಲ್ಲ. ಮನಸ್ಸು ಯಾವ ಕಡೆ ವಾಲಿದೆ ಎಂಬುದನ್ನು ತೋರಿಸಲು ಮಾತ್ರ ಅದು ಉಪಯೋಗ.

ಇನ್ನೊಂದು ಸಂಗತಿ. ತಡೆದು ನಿಂತರು ಎಂದರೆ ಆ ಮಾತು ಸೆಳೆಯಿತೆಂದೋ, ಹೆದರಿಸಿತೆಂದೋ? ಅಂಗಡಿಯ ಮುಂದೆ ಗಿರಾಕಿ ತಡೆದು ನಿಂತರೆ ಸರಕು ಮನಸ್ಸಿಗೆ ಬಂದು ನಿಂತನೋ, ಬೆಲೆ ಕಂಡು ಬೆಚ್ಚಿ ನಿಂತನೋ, ನಿಂತದ್ದರಿಂದಲೇ ತಿಳಿಯುವುದಿಲ್ಲ. ಹಾಗೆಯೇ ಇದು. ಅಭ್ಯಾಸ ಮಾಡಿದವರು ಈ ಬಗ್ಗೆ ವಾದ ಮಾಡಿದ್ದಾರೆ, ಬೇರೆ ಪರೀಕ್ಷೆಗಳನ್ನೂ ಕಟ್ಟಿದ್ದಾರೆ. ನಮ್ಮ ಹುಡುಗಿಯ ಮುಖ ನೆನೆಸಿದರೆ ಎರಡೂ ಇತ್ತೆಂದು ನಮಗೆ ತೋರುತ್ತದೆ. ಆ ಮಾತು ಬೇಡವೆಂದು ಹೆದರುವಳು, ಹೆದರಿಕೆಯಿಂದಲೇ ಅದನ್ನು ಹುಡುಕುವಳು.

ಈ ರೋಗದ ಹೆಸರು ಹಳೆಯದು. 1873ರಲ್ಲಿ ಪ್ಯಾರಿಸ್ಸಿನ ಲಾಸೇಗ್ ಎಂಬ ವೈದ್ಯರೂ ಲಂಡನ್ನಿನ ಸರ್ ವಿಲಿಯಂ ಗಲ್ ಅವರೂ ಇಂಥ ರೋಗಿಗಳನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಗಲ್ ಅವರು ಇಟ್ಟದ್ದು. ಹಸಿವಿಲ್ಲದಿರುವುದು ಎಂದು ಆ ಶಬ್ದದ ಅರ್ಥ. ಆದರೆ ಇವರಿಗೆ ಹಸಿವು ಸತ್ತಿರುವುದಿಲ್ಲ, ಹಸಿವನ್ನು ಕಟ್ಟಿಹಾಕಿರುತ್ತಾರೆ. ಗುಟ್ಟಾಗಿ ವಿಪರೀತ ತಿಂದು ಬಳಿಕ ವಾಂತಿ ಮಾಡಿಕೊಳ್ಳುವ ಇನ್ನೊಂದು ಬಗೆಗೆ 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಅವರು ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟರು. ಎರಡೂ ಹುಡುಗಿಯರಲ್ಲಿ ಹೆಚ್ಚು, ಹುಡುಗರಲ್ಲಿಯೂ ಉಂಟು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಆದ್ದರಿಂದ ಇದನ್ನು ಹುಡುಗಾಟಿಕೆ, ಹಟ ಎಂದು ತಳ್ಳಿಹಾಕುವಂತಿಲ್ಲ.

ತಿನ್ನದವಳು ಅಡುಗೆಮನೆಯನ್ನೇ ಏಕೆ ಹಿಡಿದು ಕೂತಿದ್ದಳು ಎಂಬುದಕ್ಕೂ ಉತ್ತರ ಸಿಕ್ಕಿತು. ಎರಡನೆಯ ಮಹಾಯುದ್ಧದ ಕೊನೆಗೆ, ಹಸಿದ ಜನರನ್ನು ಹೇಗೆ ಚೇತರಿಸಬೇಕೆಂದು ತಿಳಿಯಲು, ಅಮೇರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಜನ ಆರೋಗ್ಯವಂತ ಗಂಡಸರಿಗೆ ಅರೆಹೊಟ್ಟೆ ಊಟ ಕೊಟ್ಟರು. ಇವರು ಹಿಂಸೆ ಬೇಡವೆಂದು ಯುದ್ಧಕ್ಕೆ ಹೋಗಲು ಒಪ್ಪದೆ, ಸ್ವಂತ ಇಚ್ಛೆಯಿಂದ ಈ ಪ್ರಯೋಗಕ್ಕೆ ಮುಂದೆ ಬಂದವರು. 1945ರಲ್ಲಿ 24 ವಾರ ಹೀಗೆ ನಡೆಯಿತು. ತೂಕದಲ್ಲಿ ಸುಮಾರು ಕಾಲು ಭಾಗ ಇಳಿದರು. ಆಗ ಅವರ ಮನಸ್ಸಿನಲ್ಲಿ ಊಟ ಬಿಟ್ಟು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಓದಿದರು, ಪಾಕಗಳನ್ನು ಕೂಡಿಹಾಕಿದರು, ಬಟ್ಟಲು ನೆಕ್ಕಿದರು, ಬೇಸಿಗೆಯಲ್ಲಿ ಚಳಿ ಎಂದರು. ಈ ಗಂಡಸರಿಗೆ ದಪ್ಪ ಆಗುವ ಭಯವೇನೂ ಇರಲಿಲ್ಲ. 1990ರ ಒಂದು ಪರೀಕ್ಷೆಯಲ್ಲಿಯೂ, ರೋಗವಿಲ್ಲದವರು ಸ್ವಲ್ಪ ಕಾಲ ಊಟ ಬಿಟ್ಟಾಗ ತಿನಿಸಿನ ಹೆಸರುಗಳ ಮುಂದೆ ನಿಧಾನವಾದರು. ಅಂದರೆ ಕಿವಿ ಊಟದ ಮಾತಿನ ಕಡೆ ಓಡುವುದರಲ್ಲಿ ಒಂದು ಪಾಲು ಹಸಿವಿನದೇ ಕೆಲಸ. ಮೈ ಬೇಡುತ್ತಿದೆ, ಮನಸ್ಸು ಬೇಡವೆನ್ನುತ್ತಿದೆ. ನಡುವೆ ಮಗು ಸವೆಯುತ್ತಿದೆ.

ಇಲ್ಲಿ ನಮ್ಮ ಸಮಾಜಕ್ಕೆ ಸಂಬಂಧಪಟ್ಟ ಪ್ರಶ್ನೆ ಬರುತ್ತದೆ. ಉಪವಾಸ ನಮ್ಮ ಧರ್ಮದ ಒಡವೆ. ಹಾಗಾದರೆ ವ್ರತ ಯಾವುದು, ರೋಗ ಯಾವುದು? ನಾವು ಬಹಳ ವಿಚಾರ ಮಾಡಿದೆವು. ವ್ರತಕ್ಕೆ ಸಂಕಲ್ಪ ಉಂಟು, ಅವಧಿ ಉಂಟು, ಪಾರಣೆ ಉಂಟು. ರೋಗಕ್ಕೆ ಪಾರಣೆ ಇಲ್ಲ. ವ್ರತವನ್ನು ಹಿರಿಯರಿಗೆ ತಿಳಿಸಿ, ಬೇಕಾದರೆ ಮುನಿ ಮಹಾರಾಜರಲ್ಲಿ ಅಪ್ಪಣೆ ಪಡೆದು ಮಾಡುತ್ತೇವೆ. ರೋಗ ಮುಚ್ಚಿಡುತ್ತದೆ, ಉಂಡೆನೆಂದು ಸುಳ್ಳು ಹೇಳಿಸುತ್ತದೆ, ಸಡಿಲ ಬಟ್ಟೆ ತೊಡಿಸುತ್ತದೆ. ಉಪವಾಸ ಮಾಡಿದವರಿಗೂ ಹಸಿವು ಕಾಡುತ್ತದೆ, ಆದರೆ ಮನಸ್ಸನ್ನು ಸ್ವಾಧ್ಯಾಯ, ಜಪಗಳಿಗೆ ತಿರುಗಿಸುವುದೇ ಅದರ ಗುರಿ. ರೋಗದಲ್ಲಿ ತೂಕದ ಯಂತ್ರವೇ ದೇವರು, ಕನ್ನಡಿಯೇ ಶಾಸ್ತ್ರ. ಪರಿಗ್ರಹವೆಂದರೆ ವಸ್ತುವಲ್ಲ, ಅದರ ಮೇಲಿನ ಮಮತೆ ಎಂದು ನಾವು ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಅನ್ನ ಬಿಟ್ಟರೂ ಹಗಲಿರುಳು ಅನ್ನದ ಚಿಂತೆ, ಮೈಯ ಚಿಂತೆ ಹತ್ತಿಕೊಂಡರೆ ಅದು ತ್ಯಾಗ ಹೇಗಾದೀತು? ಅದು ಆರ್ತಧ್ಯಾನಕ್ಕೆ ಹತ್ತಿರ.

ನಮ್ಮ ಹಿರಿಯರು ಇದಕ್ಕೆ ದಾರಿಯನ್ನೂ ಹೇಳಿಟ್ಟಿದ್ದಾರೆ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪ ಒಂದು. ತಪ ಮಾಡುವುದಾದರೆ ಶಕ್ತಿ ಇದ್ದಷ್ಟು ಎಂದರ್ಥ. ಬಾಹ್ಯ ತಪಗಳಲ್ಲಿ ಅವಮೌದರ್ಯ ಒಂದು. ಹೊಟ್ಟೆಗೆ ಸ್ವಲ್ಪ ಕಡಿಮೆ ಉಣ್ಣುವುದು, ಹೊಟ್ಟೆಯನ್ನೇ ಕಟ್ಟುವುದಲ್ಲ. ಬೆಳೆಯುವ ಮಗುವಿಗೆ ಎಷ್ಟು ಶಕ್ತಿ ಇದೆ ಎಂದು ನೋಡುವುದು ಮನೆಯ ಹಿರಿಯರ ಕೆಲಸ. ಒಂದು ಸಲ ಈ ರೋಗ ಬಂದು ಹೋದ ಮಕ್ಕಳಿಗೆ ಉಪವಾಸ ಬೇಡ ಎಂದು ವೈದ್ಯರು ಹೇಳಿದರೆ ಅದನ್ನು ಧರ್ಮಕ್ಕೆ ಅಡ್ಡಿ ಎಂದು ತಿಳಿಯಬಾರದು. ಸ್ವಾಧ್ಯಾಯ, ದಾನ, ಮೌನ, ಸಿಟ್ಟು ಬಿಡುವ ನೇಮ ಇವೂ ಇವೆಯಲ್ಲ.

ನಮ್ಮ ಬೀಗರ ಮನೆಯ ಕಥೆ ಮುಂದೆ ಹೀಗಾಯಿತು. ತಮ್ಮನ ಮಗಳು ತಾಯಿ ತಂದೆಯರ ಹತ್ತಿರ ಕೂತು ತಿಳಿಸಿ ಹೇಳಿದಳು. ಅವರು ಮಗುವನ್ನು ಸೋಲಾಪುರಕ್ಕೆ ಕರೆದುಕೊಂಡು ಹೋದರು. ಮೊದಲು ರಕ್ತ, ನಾಡಿ, ಹೃದಯ ನೋಡಿದರು. ನಾಡಿ ಬಹಳ ನಿಧಾನವಾಗಿತ್ತು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ರಕ್ತದಲ್ಲಿನ ಲವಣಗಳು ಕುಸಿದು ಜೀವಕ್ಕೆ ಅಪಾಯವಾಗಬಹುದಂತೆ. ಆದ್ದರಿಂದ ವೈದ್ಯರ ಕಣ್ಣ ಮುಂದೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು. ಬಳಿಕ ಮನೋವೈದ್ಯರು ಇಡೀ ಮನೆಯವರನ್ನೇ ಕರೆದು ಮಾತಾಡಿಸಿದರು. ಇದೂ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಿಂದ ಬಂದ ಪದ್ಧತಿಯಂತೆ. ಹದಿನೆಂಟರ ಒಳಗೆ ರೋಗ ಸುರುವಾಗಿ, ಮೂರು ವರ್ಷ ಆಗುವ ಮೊದಲು ಚಿಕಿತ್ಸೆಗೆ ಬಂದ ಮಕ್ಕಳಿಗೆ ಮನೆಯವರನ್ನು ಕೂಡಿಸಿಕೊಂಡು ಮಾಡುವ ಚಿಕಿತ್ಸೆ ಹೆಚ್ಚು ಗುಣ ಕೊಡುತ್ತದೆ ಎಂದು ಅಲ್ಲಿಯವರು 1987ರಲ್ಲಿಯೇ ತೋರಿಸಿದ್ದಾರೆ. ತಾಯಿ ಬಡಿಸಬೇಕು, ತಂದೆ ಜೊತೆಗೆ ಕೂಡಬೇಕು, ತಟ್ಟೆ ಮುಗಿಯುವವರೆಗೆ ಏಳಬಾರದು. ಬೈಯಬಾರದು, ಅಂಗಲಾಚಬಾರದು.

ಎಲ್ಲಕ್ಕಿಂತ ಕಠಿಣವಾದದ್ದು ಮಾತಿನ ನೇಮ. ಊಟಕ್ಕೆ ಕೂತಾಗ ಊಟದ ಮಾತು ಬೇಡ, ಮೈಯ ಮಾತಂತೂ ಬೇಡವೇ ಬೇಡ. ಕ್ರಿಕೆಟ್ಟು, ಮಳೆ, ಶಾಲೆ, ಆಕಳ ಕರು ಏನಾದರೂ ಮಾತಾಡಿ ಎಂದರು. ಆ ಮನೆಯ ಆಯಿಗೆ ಎಪ್ಪತ್ತೆಂಟು ವರ್ಷ. ಜನ್ಮವಿಡೀ “ಸೊರಗೀದೆಲ್ಲ ನನ ಕೂಸ, ಇನ್ನೊಂದು ತಿನ್ನು” ಎಂದೇ ಪ್ರೀತಿ ತೋರಿಸಿದವರು. “ಇದನ್ನೂ ಅನಬಾರದಂದ್ರ ನಾ ಏನನ್ನಲಿ?” ಎಂದು ಕಣ್ಣೀರು ಹಾಕಿದರು. ಮನೋವೈದ್ಯರು ಅವರ ಕೈ ಹಿಡಿದು, “ಆಯೀ, ಬರೇ ‘ಬಾ ಮಗಾ, ಕೂಡು’ ಅನ್ರಿ, ಸಾಕು” ಎಂದರಂತೆ. ಆಯಿ ಅದನ್ನು ವ್ರತದಂತೆ ನಡೆಸಿದರು.

ಮಗು ಚೇತರಿಸುವಾಗ ಇನ್ನೊಂದು ಸಂಗತಿ ತಿಳಿಯಿತು. ಪಕ್ಕದ ಮನೆಯವರು ಬಂದು, “ಈಗ ಛಲೋ ಕಾಣ್ತೀ ನೋಡು, ಮೈ ತುಂಬಿ ಬಂದದ” ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಂದು ರಾತ್ರಿ ಮಗು ಉಣ್ಣಲಿಲ್ಲ. ಹೊಗಳಿದವರು ಆಡಿದ್ದು ಒಂದು, ಅವಳ ಕಿವಿ ಹಿಡಿದದ್ದು ಒಂದು. ಅವಳಿಗೆ ಕೇಳಿಸಿದ್ದು ‘ದಪ್ಪ ಆಗೀದಿ’ ಎಂದೇ. ಬೈಗುಳವಷ್ಟೇ ಅಲ್ಲ, ಮೈಯನ್ನು ಕುರಿತ ಮೆಚ್ಚುಗೆಯೂ ಆ ಕಿವಿಗೆ ಭಾರ. ಆದರೆ ಈ ಕಿವಿ ಶಾಶ್ವತವಲ್ಲ ಎಂಬುದೇ ಸಮಾಧಾನ. ಬುಲಿಮಿಯಾ ಇದ್ದವರಿಗೆ ಚಿಕಿತ್ಸೆ ಕೊಟ್ಟು ಮತ್ತೆ ಅದೇ ಬಣ್ಣದ ಪರೀಕ್ಷೆ ಮಾಡಿದಾಗ ಆ ತಡೆ ಕಡಿಮೆಯಾದದ್ದನ್ನು ಆಕ್ಸ್‌ಫರ್ಡಿನವರು 1994ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಹುಡುಗಿಗೆ ಒಂದೂವರೆ ವರ್ಷ ಹಿಡಿಯಿತು. ನಡುವೆ ಎರಡು ಸಲ ಹಿಂದೆ ಜಾರಿದಳು. ಈಗ ಕಾಲೇಜಿಗೆ ಹೋಗುತ್ತಾಳೆ, ಎಲ್ಲರ ಸಂಗಡ ಕೂತು ಉಣ್ಣುತ್ತಾಳೆ.

ಇಷ್ಟು ಬರೆದ ಮೇಲೆ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಮ್ಮ ಮಾತಿನಲ್ಲಿ ಎಷ್ಟು ಮೈಮಾತುಗಳಿವೆ ಎಂದು ಒಂದು ದಿನ ಎಣಿಸಿ ನೋಡಿರಿ. ಮದುವೆ ಮಂಟಪದಲ್ಲಿ ಭೇಟಿಯಾದ ಕೂಡಲೇ “ದಪ್ಪ ಆದೆಲ್ಲ”, “ಸಣಕಲಾದೆಲ್ಲ”. ಹೆಣ್ಣು ನೋಡಲು ಹೋದರೆ ಎತ್ತರ, ತೂಕ, ಬಣ್ಣ. ವಧು-ವರರ ಪುಟ ತೆಗೆದರೆ ‘ತೆಳ್ಳಗಿನ, ಬೆಳ್ಳಗಿನ ಕನ್ಯೆ ಬೇಕು’. ಬಟ್ಟೆಗೆ ಈ ವಿಶೇಷಣಗಳು ಸರಿ. ನಾವೇ ದಿನವೂ ಹೇಳುತ್ತೇವೆ. ಮನುಷ್ಯರಿಗೆ ವಿದ್ಯೆ, ಗುಣ, ದುಡಿಮೆ ಎಂಬ ವಿಶೇಷಣಗಳು ಇವೆ. ಈ ಮಾತುಗಳಿಂದಲೇ ರೋಗ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಕಾರಣಗಳು ಹಲವು, ಹುಟ್ಟಿನಿಂದ ಬಂದದ್ದೂ ಒಂದು ಪಾಲು. ಆದರೆ ಸಭೆಯಲ್ಲಿ ಕೂತ ನೂರು ಮಕ್ಕಳಲ್ಲಿ ಯಾವ ಮಗುವಿನ ಕಿವಿ ಈ ಮಾತಿಗೆ ಕಾದು ಕೂತಿದೆಯೋ ನಮಗೆ ಕಾಣುವುದಿಲ್ಲ. ಕಾಣದ ಜೀವಕ್ಕೆ ನೋವಾಗದಿರಲಿ ಎಂದು ನೀರು ಸೋಸಿ ಕುಡಿಯುವ ಸಮಾಜ ನಮ್ಮದು. ಮಾತನ್ನೂ ಸೋಸುವುದು ಹೆಚ್ಚಿನ ಕಷ್ಟವೇನಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಊಟ ಕಡಿಮೆ ಮಾಡುತ್ತ ಬಂದಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಓಡುತ್ತಿದ್ದರೆ, ಮುಟ್ಟು ನಿಂತಿದ್ದರೆ, ತೂಕದ ಮಾತಿಗೆ ಬೆಚ್ಚುತ್ತಿದ್ದರೆ ದಯವಿಟ್ಟು ತಡಮಾಡಬೇಡಿರಿ. ಮೊದಲು ವೈದ್ಯರಿಗೆ ತೋರಿಸಿರಿ, ಆಮೇಲೆ ಮನೋವೈದ್ಯರಿಗೆ ತೋರಿಸಿರಿ. ಸರಕಾರದವರು 2022ರಲ್ಲಿ ಸುರು ಮಾಡಿದ ಟೆಲಿ ಮಾನಸ್ ಎಂಬ ಫೋನ್ ಸೇವೆ ಇದೆ. 14416ಕ್ಕೆ ಫೋನ್ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡುತ್ತಾರೆ. ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವವರು ಇದ್ದಾರೆ. ಮುಚ್ಚಿಟ್ಟ ಬಟ್ಟೆಗೆ ನುಸಿ ಹತ್ತುತ್ತದೆ; ಬಿಸಿಲಿಗೆ ಹಾಕಿದರೆ ಉಳಿಯುತ್ತದೆ.

ಬರುವ ದಶಲಕ್ಷಣದಲ್ಲಿ ಮಕ್ಕಳು ಉಪವಾಸ ಮಾಡಿದರೆ ಎಷ್ಟು ದಿನ ಮಾಡಿದರು ಎಂದು ಎಣಿಸುವುದರ ಜೊತೆಗೆ, ಪಾರಣೆಯ ದಿನ ಹೇಗೆ ಉಂಡರು ಎಂಬುದನ್ನೂ ನೋಡಿರಿ. ಸಂತೋಷದಿಂದ ಉಂಡರೆ ಅವರ ತಪ ಸಾರ್ಥಕ. ತಟ್ಟೆ ಕಂಡು ಹೆದರಿದರೆ ಪಕ್ಕದಲ್ಲಿ ಕೂತು, ಮೈಯ ಮಾತು ಒಂದೂ ಆಡದೆ, ಬಾ ಮಗಾ, ಕೂಡು ಎನ್ನಿರಿ.

ಜೈ ಜಿನೇಂದ್ರ.